ಲಗ್ನಪತ್ರಿಕೆಗೆ ಬಂದ ಹೊಸ ಮೆಮರಿ

ಬಸಣ್ಣ ಸಾಹುಕಾರರ ಮಗನ ಲಗ್ನಪತ್ರಿಕೆಯಲ್ಲಿ ಬಂಧುಗಳ ಹೆಸರು ಸೋದರಮಾವಂದಿರ ತನಕ ಬಂದಾಗಲೆಲ್ಲ ಗುರುಬಸವನ ಕಂಪ್ಯೂಟರು ದಿನ್ನೆಯಲ್ಲಿ ಬಂಡಿಯೆತ್ತು ಮಲಗಿದಂತೆ ಮಲಗಿಬಿಡುತ್ತಿತ್ತು. ಅದಕ್ಕೇ ಅವನು ರಿಪೇರಿಯ ಅಬ್ದುಲಗನಿಯ ಅಂಗಡಿಯಿಂದ ಹೊಸ ಮೆಮರಿ ತಂದ. ಬಾಚಣಿಗೆಯಷ್ಟುದ್ದದ ಹಸಿರು ಪಟ್ಟಿ, ಒಂದು ಅಂಚಿಗೆ ಬಂಗಾರದ ಬಣ್ಣದ ಸಣ್ಣ ಹಲ್ಲುಗಳು.

ಮಾಳಮಡ್ಡಿಯಲ್ಲಿ ಅವನು ಬಾಡಿಗೆಗಿದ್ದ ರತ್ನವ್ವನ ಮನೆಯ ಮುಂದಿನ ಖೋಲಿಯೇ ಅವನ ಡಿಟಿಪಿ ಅಂಗಡಿ. ಪತ್ರಿಕೆ ಸಂಜೆಯೊಳಗೆ ಆಗದಿದ್ದರೆ ಹುಬ್ಬಳ್ಳಿಯಲ್ಲಿ ಮಾಡಿಸುವುದಾಗಿ ಸಾಹುಕಾರರು ಹೇಳಿಹೋಗಿದ್ದರು. ಅಂಗಡಿಗೆ ಬಂದ ಮೊದಲ ದೊಡ್ಡ ಕೆಲಸ ಅದು.

ಪಟ್ಟಿಯನ್ನು ಮೇಜಿನ ಮೇಲಿಟ್ಟು, ಒಳಗೆ ಹೋಗಿ ರತ್ನವ್ವ ಕೊಟ್ಟ ಚಹಾ ಕುಡಿದು ಬಂದು, ಗುರುಬಸವ ಅದನ್ನು ಕಂಪ್ಯೂಟರಿಗೆ ಕೂಡಿಸಿದ. ಪರದೆ ನೀಲಿಯಾಗಿ ನಿಂತುಬಿಟ್ಟಿತು. ಮತ್ತೆ ಚಾಲೂ ಮಾಡಿದ, ಮತ್ತೆ ನೀಲಿ. ಮೊದಲು ಸೋದರಮಾವಂದಿರ ತನಕವಾದರೂ ಹೋಗುತ್ತಿತ್ತು. ಈಗ ಗಣಪತಿಯ ಚಿತ್ರವನ್ನೂ ದಾಟಲಿಲ್ಲ.

“ಕಾವು ಆಗೇತ್ರಿ ಅದಕ್ಕ,” ಎಂದು ಪಕ್ಕದ ದರ್ಜಿ ಖಾದರಬಾಷಾ ತನ್ನ ಟೇಬಲ್ ಫ್ಯಾನ್ ತಂದು ಹಚ್ಚಿದ. ಬಂಧುಗಳ ಹೆಸರಿನ ಚೀಟಿಗಳೆಲ್ಲ ರಸ್ತೆಗೆ ಹಾರಿದವು. ಇಬ್ಬರೂ ಓಡಾಡಿ ಒಬ್ಬ ಚಿಕ್ಕಪ್ಪನನ್ನು ಗಟಾರದಿಂದ ಎತ್ತಿದರು.

ಗುರುಬಸವ ಪಟ್ಟಿ ಕಿತ್ತುಕೊಂಡು ಅಬ್ದುಲಗನಿಯ ಹತ್ತಿರ ಹೋದ. ಅವನು ಒರೆಸಿ ತನ್ನ ಕಂಪ್ಯೂಟರಿಗೆ ಹಾಕಿದ. ನೀರು ಹರಿದಂತೆ ಓಡಿತು.

“ಮಾಲು ಬರೋಬ್ಬರಿ ಐತಿ ಗುರಣ್ಣ. ಹಲ್ಲಿಗೆ ಏನೋ ಧೂಳ ಹತ್ತಿತ್ತು.”

ಮನೆಗೆ ಬಂದರೆ ರತ್ನವ್ವ ಬಾಗಿಲಲ್ಲೇ ನಿಂತಿದ್ದಳು. “ಮಾರಿ ಎಷ್ಟು ಬಾಡೇತಿ ನೋಡು ತಮ್ಮಾ. ಅದನ್ನ ಅಲ್ಲಿಟ್ಟು ಎರಡು ರೊಟ್ಟಿ ತಿನ್ನು.”

ತಿಂದು ಬಂದು ಕೂಡಿಸಿದ. ನೀಲಿ. ಮತ್ತೆ ಅಬ್ದುಲಗನಿ, ಮತ್ತೆ ಸರಿ. ಮನೆಯಲ್ಲಿ ಮಜ್ಜಿಗೆ, ಮತ್ತೆ ನೀಲಿ.

“ನಿಮ್ಮ ಮನಿಗೂ ಇದಕ್ಕೂ ಕೂಡಿ ಬರವಲ್ದು,” ಎಂದು ಅಬ್ದುಲಗನಿ ಕೊನೆಗೆ ಕೈಚೆಲ್ಲಿದ.

ಸಂಜೆ ಸಾಹುಕಾರರು ಬಂದು ಕುರ್ಚಿಯಲ್ಲಿ ಕುಳಿತರು. ಗುರುಬಸವ ಮುಖ ತೊಳೆದು ಬಂದು, ಪಟ್ಟಿಯನ್ನೆತ್ತಿ ಬೆಳಕಿಗೆ ಹಿಡಿದ. ಬಂಗಾರದ ಹಲ್ಲುಗಳ ಮೇಲೆ ಅಚ್ಚುಕಟ್ಟಾದ ಮೂರು ಬಿಳಿ ಗೆರೆ. ಅದನ್ನು ಹಿಡಿದುಕೊಂಡು ಒಳಗೆ ರತ್ನವ್ವನ ಹತ್ತಿರ ಹೋದ.

“ಅವ್ವಾರ, ವಿಭೂತಿ ನೀವು ಹಚ್ಚೀರೇನ್ರಿ?”

“ಮತ್ತ್ಯಾರು ಹಚ್ಚಬೇಕು? ಬರೇ ಹಣಿ ಇಟಗೊಂಡು ಹೊಸಾ ಕೆಲಸಕ್ಕ ಹೋಗಬಾರದಪಾ. ನೀ ಹೋಗಿ ಬಂದಾಗೊಮ್ಮೆ ಅಳಿಸಿರತಿತ್ತು. ಪಾಪ, ಗದ್ದಲದಾಗ ಅದಿ ಅಂತ ನಾನ ಮತ್ತ ಹಚ್ಚತಿದ್ದೆ.”

ಆಕೆಯ ಮುಖ ನೋಡಿ ಅವನ ಸಿಟ್ಟು ಇಳಿಯಿತು. ಅಂಗಡಿಗೆ ಬಂದು, ರಬ್ಬರಿನಿಂದ ಹಲ್ಲು ತಿಕ್ಕಿ ಕೂಡಿಸಿದ. ಸೋದರಮಾವಂದಿರು, ಅವರ ಅಳಿಯಂದಿರು, ಕೂಸುಗಳು, ಎಲ್ಲರೂ ಸಾಲಾಗಿ ಬಂದು ಕುಳಿತರು. ಪತ್ರಿಕೆ ಮುದ್ರಣಗೊಂಡು ಬಿಸಿಬಿಸಿಯಾಗಿ ಹೊರಬಂತು.

ಸಾಹುಕಾರರು ಪೂರ್ತಿ ಓದಿದರು. “ಛಲೋ ಆಗೇತಿ. ಖರೇ, ಆಗ ಏನು ತಿಕ್ಕಿದಿ?”

“ವಿಭೂತಿರಿ. ಅದ ಅಡ್ಡ ಬರತಿತ್ತು.”

ಸಾಹುಕಾರರು ಪತ್ರಿಕೆಯನ್ನು ಕೆಳಗಿಟ್ಟರು. “ವಿಭೂತಿ ಅಳಿಸಿ ಮಾಡಿದ್ದನ್ನ ದೇವರ ಮುಂದ ಹೆಂಗ ಇಡೂದು? ಹಚ್ಚಿ, ನನ್ನ ಕಣ್ಣಮುಂದ ಇನ್ನೊಮ್ಮೆ ಮಾಡು.”

“ಮ್ಯಾಲಿನ ಡಬ್ಬಿಗೆ ಹಚ್ಚೂಣ್ರಿ ಸಾವಕಾರ್ರ,” ಎಂದು ಗುರುಬಸವ ಕಂಪ್ಯೂಟರಿನ ಪೆಟ್ಟಿಗೆ ತೋರಿಸಿದ.

“ದುಡಿಯೂದು ಡಬ್ಬಿ ಏನು?”

ಅಷ್ಟರಲ್ಲಿ ರತ್ನವ್ವ ಮೂರು ಬೆರಳು ಒದ್ದೆ ಮಾಡಿಕೊಂಡು ಪಟ್ಟಿಯನ್ನು ಕೈಗೆ ತೆಗೆದುಕೊಂಡಿದ್ದಳು.

“ನೀ ಒಳಗ ಹೋಗಿ ಉಣ್ಣು ತಮ್ಮಾ,” ಎಂದಳು ಮೆಲ್ಲಗೆ. “ಅಷ್ಟರಾಗ ಇದು ಆರತೈತಿ.”