ಅಪಘಾತಕ್ಕೆ ಕಾದಿರಿಸಿದ ಗಾಡಿ

ಗಡಿಯಾಚೆಯ ರಾಜ್ಯದಲ್ಲಿ ಅಣು ಅಪಘಾತ ಸಂಭವಿಸಿದರೆ ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಜನ ಗಾಬರಿಯಾಗಬೇಕಾಗಿಲ್ಲ. ಅದಕ್ಕೆಂದೇ ಒಂದು ವೈದ್ಯಕೀಯ ಸಿದ್ಧತಾ ಸಮಿತಿ ಇದೆ. ಅದರ ನಡಾವಳಿ ಬರೆಯುವವನು ನಾನು. ಗಡಿಯಾಚೆ ಹತ್ತಿರದಲ್ಲೆಲ್ಲೂ ಅಣುಸ್ಥಾವರವೇ ಇಲ್ಲವಲ್ಲ ಎಂದು ಮೊದಲ ಸಭೆಯಲ್ಲಿ ಯಾರೋ ಕೇಳಿದರು. ಆ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು. ಇಂದಿಗೂ ಅದು ಮುಂದಿನ ಸಭೆಯಲ್ಲೇ ಇದೆ.

ಹಾಗೆಂದು ಸಮಿತಿ ಕೈಕಟ್ಟಿ ಕೂತಿಲ್ಲ. ವಿಕಿರಣವು ಗಡಿಯಂಚಿನ ಊರು ಕನಮಡಿಯ ಮೂಲಕ ಒಳಬಂದು, ತಿಕೋಟಾದಲ್ಲಿ ನೋಂದಣಿ ಮಾಡಿಸಿಕೊಂಡು, ಅಲ್ಲಿಂದ ಬಬಲೇಶ್ವರಕ್ಕೆ ಹೋಗತಕ್ಕದ್ದು. ಬಾಧಿತರೂ ಅದೇ ದಾರಿ ಹಿಡಿಯತಕ್ಕದ್ದು. ನೇರವಾಗಿ ವಿಜಯಪುರಕ್ಕೆ ಬರುವ ವಿಕಿರಣವನ್ನು ಪರಿಗಣಿಸಲಾಗುವುದಿಲ್ಲ. ಅಪಘಾತವು ಕಚೇರಿ ವೇಳೆಯಲ್ಲೇ ಆಗಬೇಕು. ಅಯೋಡಿನ್ ಮಾತ್ರೆ ಬೇಕಾದವರು ಅಪಘಾತಕ್ಕೆ ಒಂದು ವಾರ ಮೊದಲೇ ಅರ್ಜಿ ಕೊಡಬೇಕು. ವಿಕಿರಣ ತಡೆಯುವ ಸೀಸದ ಅಂಗಿಗಳನ್ನು ಸಮಿತಿಯ ಅಧ್ಯಕ್ಷರಾದ ಡಾಕ್ಟರ್ ಚೇತನಕುಮಾರರ ಭಾವನ ಅಂಗಡಿಯಿಂದ ತರಿಸಲಾಯಿತು. ಭಾವ ಇಬ್ರಾಹಿಂಪುರದಲ್ಲಿ ತಾಡಪತ್ರಿ ಮಾರುತ್ತಾರೆ. ಅಂಗಿಗಳು ನೀಲಿ ಬಣ್ಣದವು, ಮಳೆಗೂ ಆಗುತ್ತವೆ.

ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಎಂದರೆ ಸಮಿತಿಯ ಆಂಬ್ಯುಲೆನ್ಸ್. ಅದನ್ನು ಕನಮಡಿಯ ಹೊರಗೆ ಬೇವಿನ ಮರದ ಕೆಳಗೆ, ಮುಖ ಗಡಿಯ ಕಡೆ ಮಾಡಿ ನಿಲ್ಲಿಸಿದ್ದೇವೆ. ಚಾಲಕ ಶಕೀಲ ದಿನಾ ಅದನ್ನು ತೊಳೆದು, ಚಾಲೂ ಮಾಡಿ, ಬಂದ್ ಮಾಡಿ, ನೆರಳಲ್ಲಿ ಕೂರುತ್ತಾನೆ. ಊರವರು ಜ್ವರ ಬಂತು, ಹಾವು ಕಚ್ಚಿತು ಎಂದು ಬಂದು ಗಾಡಿ ಕೇಳುತ್ತಾರೆ. ಇವು ಯಾವುವೂ ಅಣುವಿಗೆ ಸಂಬಂಧಪಟ್ಟವಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗುತ್ತ ಹಿಂದಿರುಗುತ್ತಾರೆ. ಪೂಜಾರಿಗೂ ನಿಯಮಗಳಿರುತ್ತವೆ ಎಂಬುದು ಜನಕ್ಕೆ ತಿಳಿಯುವುದಿಲ್ಲ.

ಈ ಬೇಸಿಗೆಯಲ್ಲಿ ಕನಮಡಿಯ ಆ ಮರದ ಬಳಿಯೇ ಅಣಕು ಕಾರ್ಯಾಚರಣೆ ಏರ್ಪಡಿಸಿದ್ದೆವು. ಪೆಂಡಾಲ್ ಬಂತು, ಹಾರ ಶಾಲು ಬಂದವು, ಉಪ್ಪಿಟ್ಟು ಬಂತು. ಬಾಧಿತ ಮಾತ್ರ ಬರಲಿಲ್ಲ. ಗಡಿಯಾಚೆಯಿಂದ ಬಂದು ನರಳುತ್ತೇನೆಂದು ಒಪ್ಪಿಕೊಂಡಿದ್ದ ಶ್ರೀಮಂತ ಎಂಬಾತ ಅವತ್ತು ಯಾವುದೋ ಮದುವೆಗೆ ಹೋಗಿಬಿಟ್ಟಿದ್ದ. ಸಮಿತಿ ಉಪ್ಪಿಟ್ಟು ತಿಂದು ಕಾಯುತ್ತ ಕೂತಿತು.

ಆಗ ಬಂದವಳು ಸಕ್ರವ್ವ. ಊರಿನಲ್ಲಿ ಕುರಿ ಸಾಕುವ ಮನೆಯ ಹೆಂಗಸು. ಓಡಿ ಬಂದಿದ್ದರಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

“ಸಾಹೇಬ್ರ, ನನ್ನ ಮಗಳು ರೇಣುಕಾ ನಿನ್ನಿ ಸಂಜಿಯಿಂದ ಬ್ಯಾನಿ ತಿನ್ನಾಕತ್ತಾಳ್ರಿ. ಚೊಚ್ಚಲ ಐತಿ. ಕೂಸು ಅಡ್ಡ ಆಗೇತಂತ. ಬಿಜಾಪುರಕ್ಕ ಒಯ್ಯದಿದ್ರ ಇಬ್ಬರೂ ಉಳಿಯಾಂಗಿಲ್ಲ ಅಂತ ನರ್ಸಬಾಯಿ ಅಂದಾರ. ಗಾಡಿ ಕೊಡ್ರಿ.”

“ಗಾಡಿ ಅಪಘಾತಕ್ಕಂತ ಇಟ್ಟದ್ದೈತವ್ವಾ,” ಎಂದರು ಅಧ್ಯಕ್ಷರು.

“ಖಾಲಿ ನಿಂತೈತಲ್ರಿ ಯಪ್ಪಾ.”

“ಖಾಲಿ ನಿಂತಿಲ್ಲ, ಸಜ್ಜಾಗಿ ನಿಂತೈತಿ.” ಅಧ್ಯಕ್ಷರ ದನಿ ಬಹಳ ಮೃದುವಾಗಿತ್ತು. “ಗಾಡಿ ಹೋದ ಮ್ಯಾಲ ಅಪಘಾತ ಆತಂದ್ರ ಹೆಂಗ?”

ಸಕ್ರವ್ವ ಪೆಂಡಾಲಿನ ಕಂಬ ಹಿಡಿದು ಅಲ್ಲೇ ಕುಸಿದಳು. “ನನಗ ಇರಾಕಿ ಆಕಿ ಒಬ್ಬಾಕೀನ ರೀ,” ಎಂದಳು. ನಾನು ಅಂದಿನ ಕಾರ್ಯಸೂಚಿಯನ್ನು ಮೊದಲಿನಿಂದ ಕೊನೆಯತನಕ ತಿರುವಿದೆ. ಅದರಲ್ಲಿ ಇದಕ್ಕೆ ಜಾಗವಿರಲಿಲ್ಲ.

ಮರದ ಕೆಳಗಿನಿಂದ ಶಕೀಲ ಎದ್ದು ಬಂದ.

“ಯವ್ವಾ, ರೇಣುಕಾನ್ನ ಯಾ ಊರಿಗೆ ಕೊಟ್ಟೀರಿ?”

“ಜತ್ತದ ಕಡೆ, ಗಡಿ ಆಚಿ. ಚೊಚ್ಚಲ ಬಾಣಂತನ ತವರಾಗ ಆಗಬೇಕಲಾ, ಅದಕ್ಕ ಕುಬಸಾ ಮಾಡಿ ಕರಕೊಂಡ ಬಂದೇವಿ.”

ಶಕೀಲ ಅಧ್ಯಕ್ಷರ ಕಡೆ ತಿರುಗಿದ. “ಸಾಹೇಬ್ರ, ಗಡಿ ಆಚಿಯಿಂದ ಬಂದಾಳ. ನರಳಾಕತ್ತಾಳ. ಮತ್ತೇನ್ ಬೇಕ್ರಿ?”

ಅಧ್ಯಕ್ಷರು ನಿಯಮ ಓದಿಸಿದರು. ‘ಬಾಧಿತ ಎಂದರೆ ಗಡಿಯಾಚೆಯಿಂದ ಬಂದು ನರಳುತ್ತಿರುವ ವ್ಯಕ್ತಿ.’ ಯಾವುದರಿಂದ ನರಳಬೇಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ರೇಣುಕಾಳನ್ನು ಹೊರಸಿನ ಮೇಲೆ ಹೊತ್ತು ತಂದರು. ಅಧ್ಯಕ್ಷರು ವಿಕಿರಣ ಅಳೆಯುವ ಯಂತ್ರವನ್ನು ಅವಳ ಹತ್ತಿರ ಹಿಡಿದರು.

“ಸೊನ್ನಿ ತೋರಸಾಕತ್ತೈತಿ. ಈಕಿ ಬಾಧಿತಳಲ್ಲ.”

“ಮಷಿನ್ನಿಗೆ ಸೆಲ್ಲ ಹಾಕಿಲ್ರಿ, ಸಾಹೇಬ್ರ,” ಎಂದ ಶಕೀಲ.

“ಹಂಗಾದ್ರ ಬಾಧಿತಳಲ್ಲ ಅಂತ ಹೇಳಾಕೂ ಬರಾಂಗಿಲ್ಲ,” ಎಂದು ಅಧ್ಯಕ್ಷರು ಗಾಡಿ ಬಿಡುವ ಕಾಗದಕ್ಕೆ ಸಹಿ ಮಾಡಿದರು.

ನಂತರ ಬಾಧಿತರಿಗೆ ಶಾಲು ಹೊದಿಸಿ ಸತ್ಕರಿಸುವ ಕಾರ್ಯಕ್ರಮವಿತ್ತು. ಅಧ್ಯಕ್ಷರು ಶಾಲು ಬಿಡಿಸುವಷ್ಟರಲ್ಲಿ ಗಾಡಿ ಹೊರಟೇಹೋಯಿತು. ಫೋಟೊದಲ್ಲಿ ಬರೀ ಧೂಳು ಬಿದ್ದಿದೆ. ನಿಯಮದಂತೆ ಶಕೀಲ ತಿಕೋಟಾದಲ್ಲಿ ನಿಂತು ಬಬಲೇಶ್ವರದ ಕಡೆ ಹೊರಳಬೇಕಿತ್ತು. ಅವನು ಎಲ್ಲೂ ನಿಲ್ಲದೆ ನೇರ ವಿಜಯಪುರದ ದವಾಖಾನೆಗೆ ಹೊಡೆದ. ನಡಾವಳಿಯಲ್ಲಿ ನಾನು ‘ಗಾಳಿಯು ದಿಕ್ಕು ಬದಲಿಸಿತು’ ಎಂದು ಬರೆದೆ. ಅವತ್ತು ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಹಾಗೆ ಬರೆದದ್ದಕ್ಕೆ ನನಗೆ ಈಗಲೂ ಸಂತೋಷವಿದೆ.

ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಹೆಣ್ಣು ಕೂಸನ್ನು ತೆಗೆದರು. ಇಬ್ಬರೂ ಉಳಿದರು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ವರದಿ ಮಂಡಿಸಿದರು: ಬಾಧಿತರಾಗಿ ದಾಖಲಾದವರು ಒಬ್ಬರು, ಗುಣಮುಖರಾಗಿ ಮನೆಗೆ ಹೋದವರು ಇಬ್ಬರು, ಯಶಸ್ಸು ನೂರಕ್ಕೆ ಇನ್ನೂರು. ಸಭೆ ಚಪ್ಪಾಳೆ ತಟ್ಟಿತು. ಇಷ್ಟು ಯಶಸ್ವಿಯಾದ ಅಪಘಾತವನ್ನು ಒಂದಕ್ಕೇ ನಿಲ್ಲಿಸುವುದು ಸರಿಯಲ್ಲವೆಂದು, ತಿಂಗಳಿಗೊಂದು ಇಟ್ಟುಕೊಳ್ಳಲು ಮೇಲಿನಿಂದ ಒಪ್ಪಿಗೆಯೂ ಬಂತು.

ಈಗ ಎಲ್ಲ ಸುಸೂತ್ರವಾಗಿ ನಡೆದಿದೆ. ಗಡಿಯೊಳಗೆ ಕೊಟ್ಟ ಹೆಣ್ಣುಮಕ್ಕಳಿಗೆ ಗಾಡಿ ಸಿಗುವುದಿಲ್ಲ. ಹೀಗಾಗಿ ದೂರದ ಜೈನಾಪುರದವರೂ ವರ ನೋಡುವಾಗ ಹೊಲ ಎಷ್ಟು ಎಂದು ಕೇಳುವ ಮೊದಲು ಊರು ಗಡಿಯ ಯಾವ ಕಡೆ ಎಂದು ಕೇಳುತ್ತಾರೆ.

ಮೊನ್ನೆ ಸಕ್ರವ್ವ ಮೊಮ್ಮಗಳನ್ನು ಎತ್ತಿಕೊಂಡು, ನೆರೆಮನೆಯ ಸಾವಂತ್ರವ್ವನನ್ನೂ ಕರೆದುಕೊಂಡು ಸಮಿತಿಯ ಕಚೇರಿಗೆ ಬಂದಿದ್ದಳು.

“ಸಾಹೇಬ್ರ, ಮುಂದಿನ ಅಪಘಾತ ಯಾವಾಗ ಐತ್ರಿ? ಈಕಿ ಮಗಳು ಹಡಿಯೋ ದಿನಾ ಹುಣ್ಣಿವಿ ಆಜೂಬಾಜೂ ಅದಾವ.”

ಅಧ್ಯಕ್ಷರು ಗೋಡೆಯ ಕ್ಯಾಲೆಂಡರ್ ನೋಡಿದರು. “ಹುಣ್ಣಿವಿ ಐತವಾರ ಬಂದೈತವ್ವಾ. ಸೂಟಿ ದಿನ ಅಪಘಾತ ಮಾಡಾಕ ಬರಾಂಗಿಲ್ಲ. ಸೋಮವಾರ ಇಟ್ಟಕೊಳ್ಳೂಣು.”

ಸಾವಂತ್ರವ್ವ ಬೆರಳೆಣಿಸಿ ತಲೆಯಾಡಿಸಿದಳು.

“ಆತ್ರಿ. ಒಂದ ದಿನ ತಡಕೋ ಅಂತ ಕೂಸಿಗೆ ಹೇಳತೇವ್ರಿ.”