ತೋಟದ ಆಟದಲ್ಲಿ ಮಹಿಳಾ ಸಿಬ್ಬಂದಿ ದರ್ಜೆ ಮರೆತು ನೀರು ಹಾಕುತ್ತಿರುವ ಬಗ್ಗೆ

ಕಡತ ಸಂಖ್ಯೆ: ಆಡಳಿತ/ಗೆಳೆತನ/ನೀರು/17

ವಿಷಯ: ಮೊಬೈಲಿನ ತೋಟದ ಆಟದಿಂದ ಕಚೇರಿಯ ಶಿಸ್ತಿಗೆ ಉಂಟಾಗಿರುವ ಧಕ್ಕೆ.

ಉಲ್ಲೇಖ:
1. ಎರಡನೇ ಮಹಡಿಯ ಗುಮಾಸ್ತರ ಸಹಿಯಿಲ್ಲದ ದೂರು.
2. ಆ ದೂರು ತಮ್ಮದಲ್ಲವೆಂದು ಅದೇ ಗುಮಾಸ್ತರು ಸಹಿ ಮಾಡಿ ಕೊಟ್ಟ ಪತ್ರ.

ಈ ಕಚೇರಿಯ ಮೇಲ್ವಿಚಾರಕಿಯವರೂ, ಕಸ ಗುಡಿಸುವ, ಎಲ್ಲರೂ 'ಚುರುಕಕ್ಕ' ಎನ್ನುವ ಸಿಬ್ಬಂದಿಯೂ ಹನ್ನೊಂದು ವರ್ಷ ಒಂದೇ ಕಾರಿಡಾರಿನಲ್ಲಿ ಓಡಾಡಿಯೂ "ಇಲ್ಲಿ ಧೂಳಿದೆ", "ಆಯ್ತು ಮೇಡಂ" ಎಂಬೆರಡು ಮಾತುಗಳಾಚೆ ಹೋಗಿರುವುದಿಲ್ಲ. ಇಂಥ ಸುವ್ಯವಸ್ಥೆ, ಗೆಳತಿಯರಾದವರು ಒಬ್ಬರ ತೋಟಕ್ಕೊಬ್ಬರು ನೀರು ಹಾಕುವ ಸದರಿ ಆಟದಿಂದ ಕೆಟ್ಟಿರುತ್ತದೆ. ಆಟದಲ್ಲಿ ಚುರುಕಕ್ಕ ಎಂಬತ್ನಾಲ್ಕನೇ ಹಂತದಲ್ಲಿದ್ದು, ಮೇಲ್ವಿಚಾರಕಿಯವರು ಒಂಬತ್ತರಲ್ಲೇ ತಿಣುಕುತ್ತಿರುತ್ತಾರೆ. ಮೆಟ್ಟಿಲ ಬಳಿ ಅವರು "ಅಕ್ಕಾ, ನನ್ನ ಟೊಮೆಟೊ ಬಾಡ್ತಾ ಇದೆ, ಒಂಚೂರು ನೀರು ಹಾಕಿ ಪುಣ್ಯ ಕಟ್ಕೊಳ್ಳಿ" ಎಂದದ್ದೂ, "ಮೊದ್ಲು ಆ ಕೋಳಿಗಳನ್ನ ಗೂಡಿಗೆ ಹಾಕಿ. ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂಬ ಉತ್ತರ ಬಂದದ್ದೂ ದೂರಿನಲ್ಲಿದೆ. ಮೇಲ್ವಿಚಾರಕಿಯವರು ತಲೆ ತಗ್ಗಿಸಿದರೆಂದು ಸಾಕ್ಷಿಗಳ ಹೇಳಿಕೆ.

ಕಳೆದ ತಿಂಗಳು ಚುರುಕಕ್ಕನ ತೋಟ ಎರಡು ದಿನ ನೀರಿಲ್ಲದೆ ಒಣಗಿದ್ದನ್ನು ಮೇಲ್ವಿಚಾರಕಿಯವರು ಗಮನಿಸಿದರು. (ಆಕೆಯ ಗೈರುಹಾಜರಿಯನ್ನು ಹಾಜರಿ ವಿಭಾಗ ಇನ್ನೂ ಗಮನಿಸಿರುವುದಿಲ್ಲ.) ಫೋನು ಹೋಗದಿರಲು, ಸೇವಾ ಪುಸ್ತಕದಿಂದ ವಿಳಾಸ ತೆಗೆದು, ಮೂರು ಮಹಡಿ ಹತ್ತಿ, ನೆರೆಯವರಿಂದ ಬಾಗಿಲು ಒಡೆಸಿದರು. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದ ಚುರುಕಕ್ಕ ಒಳಗೆ ಒಬ್ಬರೇ ಬಿದ್ದಿದ್ದರು. ಫೋನು ಬಕೆಟಿನಲ್ಲಿತ್ತು. ಆಸ್ಪತ್ರೆಗೆ ಸೇರಿಸಿದವರೂ ಮೇಲ್ವಿಚಾರಕಿಯವರೇ.

ವಿಚಾರಣೆಯಲ್ಲಿ ಅವರ ಹೇಳಿಕೆ: "ಹೌದು, ಅವ್ರ ಮನೇಲಿ ಪಾತ್ರೆ ತೊಳ್ದೆ, ಅವ್ರ ತಲೆ ಬಾಚ್ದೆ. ಇನ್ನೇನ್ ಮಾಡ್ಲಿ? ಅವ್ರು ನನ್ನ ಗೆಳತಿ."

'ಗೆಳತಿ' ಎಂಬ ಹುದ್ದೆ ಈ ಇಲಾಖೆಯಲ್ಲಿ ಮಂಜೂರಾಗಿರುವುದಿಲ್ಲ. ಆದ್ದರಿಂದ ಎಲ್ಲ ಮಹಿಳಾ ಸಿಬ್ಬಂದಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಆಟದಲ್ಲಿ ಯಾರೂ ತಮ್ಮ ಮೇಲಧಿಕಾರಿಗಿಂತ ಮೇಲಿನ ಹಂತದಲ್ಲಿ ಇರತಕ್ಕದ್ದಲ್ಲ. ಚುರುಕಕ್ಕ ಏಳು ದಿನಗಳೊಳಗೆ ಎಪ್ಪತ್ತಾರು ಹಂತ ಕೆಳಗಿಳಿದು ವರದಿ ಸಲ್ಲಿಸತಕ್ಕದ್ದು.

2. ಗೆಳೆತನದ ಕೋರಿಕೆಯನ್ನು ಮೂರು ಪ್ರತಿಗಳಲ್ಲಿ, ಸೂಕ್ತ ಮಾರ್ಗದ ಮೂಲಕವೇ ಕಳುಹಿಸತಕ್ಕದ್ದು. ಅಷ್ಟರಲ್ಲಿ ಒಣಗುವ ಟೊಮೆಟೊಗಳಿಗೆ ಇಲಾಖೆ ಹೊಣೆಯಲ್ಲ.

3. ಸಂದೇಶಗಳಲ್ಲಿ ಕೆಂಪು ಹೃದಯವು ಅಧಿಕಾರಿಗಳಿಗೆ ಮಾತ್ರ. ಗುಮಾಸ್ತರಿಗೆ ಹಳದಿ. ಉಳಿದವರು ಕೈಮುಗಿಯತಕ್ಕದ್ದು. ಕಣ್ಣೀರು ಬರುವಂತೆ ನಗುವ ಮುಖಕ್ಕೆ ಪೂರ್ವಾನುಮತಿ ಕಡ್ಡಾಯ.

4. ಮೊಬೈಲಿನಲ್ಲಿ ಗೆಳತಿಯರಾದವರು ಎದುರೆದುರು ಸಿಕ್ಕಾಗ ಗುರುತಿಲ್ಲದಂತೆ ನಡೆದುಕೊಳ್ಳತಕ್ಕದ್ದು. ಗುರುತು ಸಿಕ್ಕೇ ಬಿಟ್ಟಲ್ಲಿ ಲಿಖಿತ ವಿವರಣೆ ನೀಡತಕ್ಕದ್ದು.

5. ಚುರುಕಕ್ಕ ಊರುಗೋಲು ಹಿಡಿದು ಬಂದ ದಿನ ಇಬ್ಬರೂ ಕಾರಿಡಾರಿನಲ್ಲಿ ತಬ್ಬಿಕೊಂಡು ಅತ್ತದ್ದನ್ನು 'ಜಂಟಿ ಸ್ಥಳ ಪರಿಶೀಲನೆ' ಎಂದು ದಾಖಲಿಸಲಾಗಿದೆ. ನೋಡುತ್ತ ನಿಂತು ಮೂಗೊರೆಸಿಕೊಂಡ ಹದಿನಾಲ್ಕು ಮಂದಿಯ ಮೇಲೆ ಕ್ರಮವನ್ನು ಕಾಯ್ದಿರಿಸಲಾಗಿದೆ.

ಸಹಿ/-
ನಿರ್ದೇಶಕಿ

ಪ್ರತಿಗಳು:
1. ಮೇಲ್ವಿಚಾರಕಿಯವರಿಗೆ, ಪಾಲನೆಗಾಗಿ.
2. ಹಾಜರಿ ವಿಭಾಗಕ್ಕೆ, ಎಚ್ಚರವಾದ ನಂತರ ಓದಲು.
3. ಚುರುಕಕ್ಕ ಅವರಿಗೆ, ಸೋಮವಾರದಿಂದ ಬಾಕಿಯಿರುವ ನಿರ್ದೇಶಕಿಯವರ ಗೆಳೆತನದ ಕೋರಿಕೆಯನ್ನು ನಿಯಮಗಳನ್ನು ಸಡಿಲಿಸಿ ಪುರಸ್ಕರಿಸಬೇಕೆಂಬ ವಿನಂತಿಯೊಂದಿಗೆ. ನಿರ್ದೇಶಕಿಯವರ ತೋಟಕ್ಕೆ ಇದುವರೆಗೆ ಯಾರೂ ಬಂದಿರುವುದಿಲ್ಲ.