ಕಟುಕರ ಫಲಕದಲ್ಲಿ ಒಂದು ತಿದ್ದುಪಡಿ

ಸತ್ತು ಹತ್ತೊಂಬತ್ತು ವರ್ಷವಾಗಿದ್ದ ವೈನೋ ತಾಕಲ ಎಂಬುವರು ಕಟುಕರೆಂದು ಲೆಹ್ತೋ ಊರಿನ ಪುರಾತನ ಸೈನಿಕ ಬಂದೂಕು ಸಂರಕ್ಷಣಾ ಸಂಘವು ಕಳೆದ ವಸಂತದ ಸರ್ವಸದಸ್ಯರ ಸಭೆಯಲ್ಲಿ ಅವಿರೋಧವಾಗಿ ತೀರ್ಮಾನಿಸಿತು. ವಿರೋಧಿಸಿ ಕೈ ಎತ್ತಿದ ಸದಸ್ಯ ಒಬ್ಬನಿದ್ದ. ಅವನು ಮೃತರ ಮಗನಾದ್ದರಿಂದ ಅವನ ಕೈಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಗನ ಹೆಸರು ಓನ್ನಿ. ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ, ಫಿನ್ಲ್ಯಾಂಡಿನಿಂದ ವಲಸೆ ಬಂದವರ ಆ ಸೀಮೆಯಲ್ಲಿ ರಸ್ತೆಯ ಹಿಮ ಗೋರುವ ಲಾರಿ ಓಡಿಸುವವನು ಅವನೇ. ಹಿಮ ಬೀಳದ ದಿನಗಳಲ್ಲಿ ಗ್ಯಾರೇಜು ಸೇರಿಕೊಂಡು, ಹಳೇ ಸೈನ್ಯಗಳು ಕೈಬಿಟ್ಟ ಬೋಲ್ಟ್ ರೈಫಲ್ಲುಗಳಿಗೆ ಆರೈಕೆ ಮಾಡುತ್ತಿದ್ದ. ಗುಂಡು ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕಾದ ಮುದಿ ಬಂದೂಕುಗಳು ಅವು. ಮರ ತಗ್ಗಾದ ಕಡೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿ ಉಬ್ಬಿಸುವುದು, ಅಗಸೆ ಎಣ್ಣೆ ತಿಕ್ಕುವುದು, ತಿಕ್ಕಿದ್ದನ್ನು ಹೆಂಗಸರ ಮುಂದೆ ಹಿಡಿದು ನಿಲ್ಲುವುದು. ಊರಿನ ಅರ್ಧ ಗಂಡಸರಿಗೆ ಇದೇ ಹುಚ್ಚು. ಉಳಿದರ್ಧಕ್ಕೆ ಮೀನಿನ ಹುಚ್ಚು ಹಿಡಿದಿದ್ದರಿಂದ ಸಂಸಾರಗಳು ಸರಿಸಮವಾಗಿ ನಡೆಯುತ್ತಿದ್ದವು.

ಸಂಘದ ಸಭೆ ನಡೆಯುತ್ತಿದ್ದುದು ಹಿಂದಿನವರು ಕಟ್ಟಿಸಿದ ಪಾನನಿಷೇಧ ಭವನದಲ್ಲಿ, ಬಿಯರ್ ಕುಡಿಯುತ್ತಾ. ಸಂಘಕ್ಕೆ ಇದ್ದದ್ದು ಒಂದೇ ಧರ್ಮ: ಬಂದೂಕು ಸೈನ್ಯದಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರತಕ್ಕದ್ದು. ಆದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಹಾರ್ಡ್‌ವೇರ್ ಅಂಗಡಿಗಳು ಈ ಬಂದೂಕುಗಳನ್ನು ಪೀಪಾಯಿಯಲ್ಲಿ ನಿಲ್ಲಿಸಿ ಸೋವಿಗೆ ಮಾರಿದ್ದವು. ಆಗಿನ ಗಂಡಸರು ಕೊಂಡು ತಂದು, ಜಿಂಕೆ ಬೇಟೆಗೆ ಭಾರವೆಂದು ನಳಿಗೆಯ ಕೆಳಗಿನ ಉದ್ದ ಮರವನ್ನು ಅಡುಗೆಮನೆ ಮೇಜಿನ ಮೇಲಿಟ್ಟು ಕೊಯ್ದು ಬಿಸಾಕಿದ್ದರು. ಆಗ ಅದಕ್ಕೆ ಬುದ್ಧಿವಂತಿಕೆ ಎನ್ನುತ್ತಿದ್ದರು. ಈಗ ಅಂಗಚ್ಛೇದನ ಎನ್ನುತ್ತಾರೆ. ಹಾಗೆ ಕೊಯ್ದವರ ಹೆಸರನ್ನು ಭವನದ ಬಾಗಿಲ ಪಕ್ಕ, ಕೋಟು ತೂಗುಹಾಕುವ ಗೂಟಗಳ ಮೇಲೆ, ಕೆಂಪು ಬಣ್ಣದಲ್ಲಿ ಬರೆಸಲಾಗುತ್ತದೆ. ಫಲಕದ ತಲೆಬರಹ "ಕಟುಕರು" ಎಂದಷ್ಟೇ.

ತಪ್ಪು ಓನ್ನಿಯದೇ. ಅಪ್ಪನ ಬಂದೂಕನ್ನು ನಾಲ್ಕು ಜನ ನೋಡಲಿ ಎಂಬ ಆಸೆಗೆ ವಾರ್ಷಿಕ ಪ್ರದರ್ಶನಕ್ಕೆ ಹೊತ್ತು ತಂದ. ಅಧ್ಯಕ್ಷ ರೇನೋ ಕಾಂಗಸ್ ಬಿಳಿ ಕೈಗವಸು ತೊಟ್ಟು ಅದನ್ನು ತಿರುಗಿಸಿ ನೋಡಿದ.

"ಇದರ ಮೂತಿ ಎಲ್ಲಿ?"

"ಅಪ್ಪ ಕೊಯ್ದ್ರು, ಭಾರ ಅಂತ. ನಿಂಗೊತ್ತಿಲ್ವೇನೋ? ಇದರಲ್ಲಿ ಹೊಡೆದ ಜಿಂಕೆ ನೀನೂ ತಿಂದಿದೀಯ."

"ತಿಂದಿರಬಹುದು. ಆಗ ನಾನು ಅಧ್ಯಕ್ಷ ಆಗಿರಲಿಲ್ಲ. ಮತ್ತೆ ಭವನದ ಒಳಗೆ ನನ್ನನ್ನ 'ಏನೋ' ಅನ್ನಬೇಡ, ವಿಲ್ಹೋ ಎಲ್ಲಾ ಬರ್ಕೋತಾನೆ."

ಕಾರ್ಯದರ್ಶಿ ವಿಲ್ಹೋ ಪೆಲ್ಟೋ ಬರೆದುಕೊಂಡ. ಮರುವಾರ ಪ್ರಕಟಣೆ ಹೊರಟಿತು: "ಶ್ರೀ ವೈನೋ ತಾಕಲ, ದಿವಂಗತರು, ಇವರಿಗೆ. ತಾವು ಯಾವುದೋ ಒಂದು ದಿನ, ಯಾವುದೋ ಒಂದು ಗರಗಸದಿಂದ, ಫಿನ್ಲ್ಯಾಂಡ್ ಸೈನ್ಯಕ್ಕೆ ಸೇರಿದ್ದ ಬರ್ಚ್ ಮರದ ಬಂದೂಕೊಂದರ ಮುಂಭಾಗವನ್ನು ಕತ್ತರಿಸಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ. ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಲಾಗುವುದು."

ಆರೋಪಿ ಹಾಜರಾಗಲಿಲ್ಲ. ಸಂಘ ನ್ಯಾಯಬುದ್ಧಿಯದು, ತಾನೇ ಎದ್ದು ಸ್ಮಶಾನಕ್ಕೆ ಹೋಯಿತು. ಮಡಿಸುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಕಾಫಿ, ಏಲಕ್ಕಿ ಬ್ರೆಡ್ಡಿನ ಜೊತೆ ಸಮಾಧಿಯ ಮುಂದೆ ಕೂತಿತು. ಆಪಾದನೆಯನ್ನು ಓದಲಾಯಿತು. ಕಿವಿ ಮಂದವಿದ್ದರೆ ಇರಲಿ ಎಂದು ಇನ್ನೊಮ್ಮೆ ಜೋರಾಗಿ ಓದಲಾಯಿತು.

"ಬದುಕಿದ್ದಾಗಲೂ ಹಿಂಗೇ ವೈನೋ ಮಾವ," ಎಂದ ವಿಲ್ಹೋ. "ಬಾಯಿ ಬಿಡ್ತಾನೇ ಇರಲಿಲ್ಲ."

ಇದನ್ನು ಸಾಕ್ಷಿಯೆಂದು ದಾಖಲಿಸಿ ಹೆಸರು ಬರೆಸಿದರು. ಅಲ್ಲಿಂದ ಮುಂದೆ ಪ್ರತಿ ಸಭೆಗೂ ಓನ್ನಿ ತನ್ನ ಕೋಟನ್ನು ಅಪ್ಪನ ಹೆಸರಿನ ಕೆಳಗೆ ತೂಗುಹಾಕಬೇಕಾಯಿತು. ಅರವತ್ತು ದಾಟಿದ ಗಂಡಸು, ಆದರೂ ಗೂಟದ ಮುಂದೆ ತಲೆ ಎತ್ತುತ್ತಿರಲಿಲ್ಲ. ತಾಮ್ರದ ಗಣಿಯಲ್ಲಿ ಬದುಕು ಸವೆಸಿ, ಯಾರಿಗೂ ಒಂದು ಗಡುಸು ಮಾತಾಡದೆ ಹೋದ ಮನುಷ್ಯ ಅವರಪ್ಪ. ಸಂಘ ಬಿಟ್ಟುಬಿಡೋಣವೆಂದರೆ ಫಲಕವಂತೂ ಅಲ್ಲೇ ಇರುತ್ತದೆ. ನೋಡಿ ಸಂಕಟಪಡುವ ಮಗನೊಬ್ಬನೂ ಇಲ್ಲದಂತಾಗುತ್ತದೆ. ಹೇಗಾದರೂ ಮಾಡಿ ಆ ಹೆಸರು ಅಳಿಸಬೇಕೆಂದು ಹಟ ಹಿಡಿದ.

ನಿಯಮದಲ್ಲಿ ದಾರಿಯಿತ್ತು: ಬಂದೂಕು ಅಖಂಡವಾದರೆ ಹೆಸರು ರದ್ದು. ಅಧ್ಯಕ್ಷರ ಸ್ವಂತ ಅಂಗಡಿಯಲ್ಲಿ ಮೂತಿಯ ಮರ ಮಾರಾಟಕ್ಕೂ ಇತ್ತು. ಓನ್ನಿ ಕೊಂಡ, ಕೂರಿಸಿದ, ತಪಾಸಣೆ ಶುಲ್ಕ ಕಟ್ಟಿದ. ರೇನೋ ಕಣ್ಣಿಗೆ ಭೂತಗನ್ನಡಿ ಹಿಡಿದು ಬಗ್ಗಿದ, ಎದ್ದ.

"ನಕಲಿ."

"ನೀನೇ ಕೊಟ್ಟಿದ್ದಲ್ವೋ... ಅಲ್ಲ, ತಾವೇ ಕೊಟ್ಟಿದ್ದಲ್ವಾ ಅಧ್ಯಕ್ಷರೇ!"

"ಅದಕ್ಕೇ ಇಷ್ಟು ಖಂಡಿತವಾಗಿ ಹೇಳ್ತಿರೋದು. ಹೋದ ತಿಂಗಳು ನಮ್ಮ ಹಿತ್ತಲಲ್ಲಿ ಮಾಡಿದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಹಂಗಾದ್ರೆ ಅಸಲಿ ಅಂದ್ರೆ ಯಾವುದು?"

"ನಿಮ್ಮಪ್ಪ ಕೊಯ್ದ ತುಂಡು. ಅದೇ ತರಬೇಕು."

ಓನ್ನಿ ಅಟ್ಟ ಜಾಲಾಡಿದ, ಸೌದೆ ಕೊಟ್ಟಿಗೆ ಜಾಲಾಡಿದ. ಸಿಕ್ಕಲಿಲ್ಲ. ಕೊನೆಗೆ ನಕಲಿ ಮೂತಿ ಕಿತ್ತುಹಾಕಿ, ಬಂದೂಕಿನ ಸಂದಿಯಲ್ಲಿ ಕೂತ ಹಳೇ ಗ್ರೀಸನ್ನಾದರೂ ತೆಗೆಯೋಣವೆಂದು ಶನಿವಾರ ಅದನ್ನು ಸೌನಾ ಕೋಣೆಗೆ ಕರೆದೊಯ್ದ. ಆ ಊರಲ್ಲಿ ಅದು ರೂಢಿ. ಕಲ್ಲು ಕಾಯಿಸಿ ಹಬೆ ಎಬ್ಬಿಸಿ ಮೈ ಬೆವರಿಸುವ ಕೋಣೆಯ ಮೇಲಿನ ಹಲಗೆಯಲ್ಲಿ ಬಂದೂಕನ್ನೂ ಕೂರಿಸುತ್ತಾರೆ, ಅದೂ ಗ್ರೀಸು ಬೆವರುತ್ತದೆ. ಅವನ ತಾಯಿ ಲೆಂಪಿ ಮೊದಲೇ ಸ್ನಾನ ಮುಗಿಸಿ ಹೊರಗಿನ ಕೋಣೆಯಲ್ಲಿ ಕಾಫಿ ಹೀರುತ್ತಿದ್ದಳು. ಓನ್ನಿ ಕಲ್ಲಿಗೆ ನೀರೆರಚಿ ಸೌಟನ್ನು ಬಂದೂಕಿನ ಪಕ್ಕ ಇಟ್ಟ. ಇಟ್ಟವನು ಹಾಗೇ ನೋಡುತ್ತಾ ಕೂತ. ಸೌಟಿನ ಬರ್ಚ್ ಹಿಡಿಯ ಉದ್ದಕ್ಕೂ ಒಂದು ಕಾಲುವೆಯಿತ್ತು. ಹೆಬ್ಬೆರಳಿಗೆಂದು ಮಾಡಿದ್ದು ಎಂದು ಹುಟ್ಟಿದಾಗಿನಿಂದ ತಿಳಿದಿದ್ದ. ಅದು ನಳಿಗೆ ಕೂರುವ ಕಾಲುವೆ. ಹಿಡಿಯ ತುದಿಯನ್ನು ಬಂದೂಕಿನ ಗಾಯಕ್ಕೆ ತಾಗಿಸಿದ. ಮರದ ಗೆರೆಗಳು ಇದರಿಂದ ಅದಕ್ಕೆ ಹರಿದು ಕೂಡಿಕೊಂಡವು. ಕೊಯ್ತದ ಓರೆಯೂ ಕೂಡಿತು. ಎಡಗೈಯವರಾದ ವೈನೋ ಕೊಯ್ದದ್ದೆಲ್ಲ ಓರೆಯೇ.

ಟವೆಲು ಸುತ್ತಿಕೊಂಡು ಹೊರಗೋಡಿದ. "ಅಮ್ಮಾ! ಈ ಸೌಟು ಎಲ್ಲಿಂದ ಬಂತು?"

"ಬಾಗಿಲು ಹಾಕೋ, ಕಾವೆಲ್ಲಾ ಹೋಗುತ್ತೆ. ನಿಮ್ಮಪ್ಪ ಮಾಡಿಕೊಟ್ಟಿದ್ದು, ಮದುವೆಯಾದ ಹೊಸದ್ರಲ್ಲಿ. ಆಗಿದ್ದ ಸೌಟಿನ ಹಿಡಿ ತಗಡಿನದು. ಸುಟ್ಟು ನನ್ನ ಬೆರಳೆಲ್ಲಾ ಬೊಬ್ಬೆ."

"ಇದು ಬಂದೂಕಿನ ಮರ ಅಮ್ಮಾ!"

"ನನಗೆ ಗೊತ್ತಿಲ್ವಾ? ಮನೇಲಿ ಒಣಗಿದ ಬರ್ಚ್ ಅಂತ ಇದ್ದಿದ್ದು ಅದೊಂದೇ."

"ಭಾರ ಆಗುತ್ತೆ ಅಂತ ಕೊಯ್ದಿದ್ದಲ್ವಾ?"

"ಹಂಗಂತ ಊರಿಗೆ ಹೇಳಿದ್ರು. ಹೆಂಡತಿ ಬೆರಳು ನೋಡಲಾರದೆ ಹೊಸಾ ಬಂದೂಕು ಕೊಯ್ದೆ ಅಂತ ಗಣೀಲಿ ಹೇಳ್ಕೊಳ್ಳೋಕಾಗುತ್ತೇನೋ? ನಗೋಲ್ವಾ?"

ಓನ್ನಿ ಬಟ್ಟೆ ಹಾಕಿಕೊಂಡು ನೆಟ್ಟಗೆ ರೇನೋ ಮನೆಗೆ ಹೋಗಿ ವಿಷಯ ತಿಳಿಸಿದ. ರೇನೋ ನಿಯಮಾವಳಿ ತಿರುವಿದ.

"ಪ್ರೀತಿಗೆ ವಿನಾಯಿತಿ ಇಲ್ಲ ಕಣಯ್ಯ. ಕೊಟ್ರೆ ನಾಳೆ ಎಲ್ಲರೂ ಪ್ರೀತಿ ಅಂತಲೇ ಕೊಯ್ತಾರೆ. ತುಂಡು ತಂದು ಕೂರಿಸು, ಹೆಸರು ತೆಗೀತೀನಿ."

ಸೌಟು ಕಿತ್ತರೆ ಅಮ್ಮನ ಕೈಯಲ್ಲಿದ್ದ ಅಪ್ಪನ ಪ್ರೀತಿ ಹೋಗುತ್ತದೆ, ಕೀಳದಿದ್ದರೆ ಅಪ್ಪ ಕಟುಕರಾಗಿಯೇ ಉಳಿಯುತ್ತಾರೆ. ಓನ್ನಿ ಊಟ ಬಿಟ್ಟು ಕೂತ. ನೋಡುವಷ್ಟು ನೋಡಿ ಲೆಂಪಿಯೇ ಸೌಟು ತಂದು ಅವನ ಮುಂದೆ ಕುಕ್ಕಿದಳು. "ತಗೊಂಡು ಹೋಗಿ ಅಂಟಿಸು. ನನ್ನ ಗಂಡನ ಹೆಸರು ಒದ್ದೆ ಕೋಟುಗಳ ಮೇಲೆ ನೇತಾಡೋದು ಬೇಡ." ಹೇಳಿ ಮುಖ ತಿರುಗಿಸಿದಳು.

ಓನ್ನಿ ಸೌಟಿನ ತಾಮ್ರದ ಬಟ್ಟಲನ್ನು ಹಿಡಿದಿದ್ದ ಮೊಳೆಗಳನ್ನು ಗರಗಸದಿಂದ ಕೊಯ್ದು, ಹಿಡಿ ಬಿಡಿಸಿ, ಬಂದೂಕಿಗೆ ಬೆಸೆದು, ಎಣ್ಣೆ ತಿಕ್ಕಿದ. ಸಭೆ ಚಪ್ಪಾಳೆ ತಟ್ಟಿತು. ವೈನೋ ತಾಕಲರು ಇನ್ನು ಮುಂದೆ ಕಟುಕರಲ್ಲವೆಂದು ಘೋಷಿಸಲಾಯಿತು. ದಾಖಲೆಗಿರಲೆಂದು ವಿಲ್ಹೋ ಕೇಳಿದ, "ತುಂಡು ಎಲ್ಲಿತ್ತು?"

ಓನ್ನಿ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ರೇನೋ ಬಂದೂಕು ಸಂಘದ ಹಸಿರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಸೌನಾದಲ್ಲಿ ತೊಡುವ ಉಣ್ಣೆಯ ಟೋಪಿ ಹಾಕಿಕೊಂಡ. ಸೌನಾ ಪರಂಪರೆ ರಕ್ಷಣಾ ಸಂಘಕ್ಕೂ ಅವನೇ ಅಧ್ಯಕ್ಷ. ಸದಸ್ಯರೂ ಅವರೇ ಆದ್ದರಿಂದ ಯಾರೂ ಏಳಬೇಕಾಗಲಿಲ್ಲ. ವಿಲ್ಹೋ ಪುಸ್ತಕ ತಿರುವಿಹಾಕಿ ಹಿಂದಿನ ಪುಟದಿಂದ ಬರೆಯತೊಡಗಿದ.

"ಅರ್ಧ ಶತಮಾನಕ್ಕೂ ಮಿಕ್ಕಿ ಹಬೆ ಕುಡಿದ ಸೌಟು," ಎಂದ ರೇನೋ. "ಅದನ್ನ ಕೊಯ್ದಿದ್ದು ಯಾರು?"

"ನಾನೇ."

"ಯಾವ ಕೈಯಲ್ಲಿ?"

"ಎಡಗೈಯಲ್ಲಿ."

"ಬರ್ಕೊಳ್ಳಪ್ಪ ವಿಲ್ಹೋ. ವಂಶಪಾರಂಪರ್ಯ."

ಎರಡೂ ಸಂಘಕ್ಕೆ ಫಲಕ ಒಂದೇ, ಜಾಗವೂ ಆಗತಾನೇ ಖಾಲಿಯಾಗಿತ್ತು. "ವೈನೋ" ಎಂಬುದನ್ನು ಮಾತ್ರ ಕೆರೆದು "ಓನ್ನಿ" ಎಂದು ಬರೆದರು. "ತಾಕಲ" ಎಂಬುದು ಮೂಲ ಬಣ್ಣದ್ದಾದ್ದರಿಂದ ನಿಯಮದ ಪ್ರಕಾರ ಅದನ್ನು ಯಾರೂ ಮುಟ್ಟಲಿಲ್ಲ. ಅಪ್ಪನ ಹೆಸರು ಚೂರೂ ಕಾಣುತ್ತಿಲ್ಲ ತಾನೇ ಎಂದು ಓನ್ನಿ ಬಗ್ಗಿ ನೋಡಿ, ಸಮಾಧಾನವಾಗಿ ಮನೆಗೆ ಹೋದ.

ಮುಂದಿನ ಶನಿವಾರ ಲೆಂಪಿ ತಗಡಿನ ಚೊಂಬಿನಲ್ಲಿ ನೀರೆರಚಲು ಹೋಗಿ ಬೆರಳು ಸುಟ್ಟುಕೊಂಡಳು. ಬೊಬ್ಬೆ ಎದ್ದಿತು. ಏನೂ ಆಗಿಲ್ಲ ಹೋಗೋ ಎಂದಳು. ಓನ್ನಿ ಆ ಬೆರಳು ನೋಡಿದ, ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಅಖಂಡ ಬಂದೂಕು ನೋಡಿದ, ಗರಗಸ ಎತ್ತಿಕೊಂಡ.

ಸೌಟು ಮತ್ತೆ ಸೌಟಾಯಿತು. ವಿಚಾರಣೆಗೆಂದು ಎರಡೂ ಸಂಘಗಳು ಒಟ್ಟಿಗೆ ಕೂತವು, ಒಂದೇ ತಲೆಯ ಮೇಲೆ ಎರಡೂ ಟೋಪಿ ಇಟ್ಟುಕೊಂಡು. ಆದರೆ ಒಬ್ಬರ ಹೆಸರನ್ನು ಒಂದೇ ಫಲಕದಲ್ಲಿ ಎರಡು ಸಲ ಬರೆಯತಕ್ಕದ್ದಲ್ಲ ಎಂಬ ನಿಯಮವಿತ್ತು. ಓನ್ನಿಯ ಹೆಸರು ಆಗಲೇ ಇತ್ತು. ಮಾಡುವಂಥದ್ದು ಏನೂ ಇಲ್ಲವೆಂದು ಸಭೆ ಕಂಡುಕೊಂಡಿತು.

"ಅಂದ್ರೆ," ಎಂದ ವಿಲ್ಹೋ, ಲೇಖನಿ ಕೆಳಗಿಟ್ಟು, "ಒಂದು ಸಲ ಹೆಸರು ಬಿದ್ದೋರು ಏನು ಬೇಕಾದ್ರೂ ಮಾಡ್ಕೋಬಹುದಾ?"

ಮರುದಿನ ಬೆಳಿಗ್ಗೆ ಭವನದ ಮುಂದೆ ಸಾಲು ನಿಂತಿತ್ತು. ಅಖಂಡ ಬಂದೂಕಿನಿಂದ ಗುಂಡು ಹಾರಿಸಬಾರದೆಂಬ ಕಟ್ಟಳೆಯಿಂದಾಗಿ ವರ್ಷಗಟ್ಟಲೆ ಜಿಂಕೆ ಮಾಂಸದ ರುಚಿ ಮರೆತಿದ್ದ ಗಣ್ಯರೆಲ್ಲ ಕಟುಕರಾಗಲು ಅರ್ಜಿ ಹಿಡಿದು ಬಂದಿದ್ದರು. ಸಂಘ ಪ್ರವೇಶ ಶುಲ್ಕ ಗೊತ್ತುಮಾಡಿತು, ಫಲಕವನ್ನು ಉದ್ದ ಮಾಡಿಸಿತು. ಹೊಸ ಸಾಲಿನ ಮೊದಲ ಹೆಸರು ಅಧ್ಯಕ್ಷರದ್ದೇ, ಶುಲ್ಕ ಮಾಫಿ. ಬೇಟೆಯ ಕಾಲ ಬರುವಷ್ಟರಲ್ಲಿ ಊರಲ್ಲಿ ಮೂತಿಯಿದ್ದ ಬಂದೂಕು ಉಳಿಯಲಿಲ್ಲ. ಫಲಕದಲ್ಲಿ ಹೆಸರಿಲ್ಲದ ಗಂಡಸಿಗೆ ಹೆಣ್ಣು ಕೊಡುವವರೂ ಯೋಚನೆ ಮಾಡುವಂತಾಯಿತು.

ಆಗ ರೇನೋ ಖುದ್ದಾಗಿ ಲೆಂಪಿಯ ಮನೆಗೆ ಬಂದು, ಟೋಪಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಲೆಂಪಿ ಅತ್ತೆ, ಈ ಊರಲ್ಲಿ ಮೊದಲು ಕೊಯ್ದೋರು ವೈನೋ ಮಾವ. ಅವರ ಹೆಸರು ಎಲ್ಲರಿಗಿಂತ ಮೇಲೆ, ಚಿನ್ನದ ಅಕ್ಷರದಲ್ಲಿ ಹಾಕಬೇಕು ಅಂತ ತೀರ್ಮಾನ ಆಗಿದೆ. ನಾಮಮಾತ್ರದ ಶುಲ್ಕ ಅಷ್ಟೇ."

ಲೆಂಪಿ ಅವನಿಗೆ ಕಾಫಿ ಬಗ್ಗಿಸಿದಳು, ಬ್ರೆಡ್ಡು ಮುಂದಿಟ್ಟಳು.

"ಬೇಡ ಕಣೋ ರೇನೋ. ನಮ್ಮೋರು ನನಗೋಸ್ಕರ ಕೊಯ್ದಿದ್ದು. ನಿಮ್ಮ ಹಲಗೆಗಲ್ಲ."

ಶುಲ್ಕ ಪಾವತಿಯಾಗದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ವಿಲ್ಹೋ ಪುಸ್ತಕದ ಎರಡೂ ಕಡೆಯಿಂದ ಬರೆದ. ಹೀಗಾಗಿ, ಕಟುಕರೆನಿಸಿಕೊಳ್ಳುವ ಯೋಗ್ಯತೆಯಿಲ್ಲದ ಏಕೈಕ ವ್ಯಕ್ತಿಯಾಗಿ ವೈನೋ ತಾಕಲರು ಲೆಹ್ತೋ ಊರಿನ ಸ್ಮಶಾನದಲ್ಲಿದ್ದಾರೆ.